ಸ್ಟಾರ್ಟರ್‌ಗೆ ರಿಲೇ ಹಚ್ಚೂ ಮೊದಲ ಇದೊಂದ ಓದು ತಮ್ಮಾ

ತಮ್ಮಾ, ನೀ ನಮ್ಮ ಗುಂಪಿನ್ಯಾಗ ಹಾಕಿದ ಫೋಟೋ ಮೂರ್ ಸಲ ದೊಡ್ಡದ ಮಾಡಿ ನೋಡಿದ್ನಿ, ಹೊಲದ ಪಂಪ್ ಮೋಟರ್ ತಾನ ಚಾಲೂ ಬಂದ್ ಆಗೂ ಹಂಗ ಮಾಡಿದ್ದು. ಇಎಸ್‌ಪಿ32 (ವೈಫೈ ಇರೂ ಸಣ್ಣ ಕಂಪ್ಯೂಟರ್ ಬೋರ್ಡ್), ನೀಲಿ ರಿಲೇ (ಬೋರ್ಡ್ ಹೇಳಿದಂಗ ಕೇಳೂ ಸ್ವಿಚ್), ರಿಲೇದಿಂದ ಎರಡು ವೈರ್ ಸೀದಾ ಸ್ಟಾರ್ಟರ್‌ನ ಹಸಿರು ಬಟನ್ನಿಗೆ. ಕೆಳಗ ಬರದೀಯಲ್ಲ, "ಮಣ್ಣು ಒಣಗಿದ್ರ ರಿಲೇ ಆನ್, ಹಸಿ ಆದ್ರ ಆಫ್. ಬರೂ ಐತವಾರ ಶೆಡ್ಡಿನ್ಯಾಗ 15 ಮಂದಿಗೆ ಕಲಸ್ತೀನಿ, ಎಲ್ಲಾರೂ ಒಂದೊಂದು ಬೋರ್ಡ್ ಮನೀಗೆ ಒಯ್ಯಬಹುದು" ಅಂತ. ಲೈಕ್ ಒತ್ತಿದವರು ಒತ್ತಲಿ, ನಾ ಒತ್ತಂಗಿಲ್ಲ. ಇದ ವೈರಿಂಗ್ ನಾ ಮಾಡಿ ನಮ್ಮ ಕಾಕಾನ ಕೈ ಹೋಗೂದು ಚೂರಿನ್ಯಾಗ ತಪ್ಪೇತಿ.

ಕೋಡ್ ಚಲೋ ಬರದಿ, ಅದಕ್ಕೇನೂ ಅನ್ನಂಗಿಲ್ಲ. ತಪ್ಪಿರೂದು ರಿಲೇ ಹಿಡಕೊಂಡ ಕುಂದ್ರೂದ್ರಾಗ. ಸ್ಟಾರ್ಟರ್‌ಗೆ ಒಂದ್ ಒಳ್ಳೆ ಗುಣ ಐತಿ: ಕರೆಂಟ್ ಹೋದ್ರ ಒಳಗಿನ ಸ್ವಿಚ್ ಹಿಡದಿರೂ ಕಾಯಿಲ್ ಬಿಡತೈತಿ, ಕರೆಂಟ್ ಬಂದ್ರೂ ಯಾರರ ಬಟನ್ ಒತ್ತೂತನಕ ಸುಮ್ನ ಇರತೈತಿ. ನೀ ಮಾಡಿದ್ದು ಹೆಂಗ ಅಂದ್ರ, ಹಸಿರು ಬಟನ್ ಮ್ಯಾಲ ಒಬ್ಬ ಮನಿಷಾ ಹಗಲೂ ರಾತ್ರಿ ಬೆರಳು ಇಟ್ಕೊಂಡ ಕುಂತಂಗ.

ಕಾಕಾಂದು ಗೋಕಾಕ ಕಡೆ ಬಾವಿ. 5 ಎಚ್‌ಪಿ ಮೋನೋಬ್ಲಾಕ್, ಬಾವಿ ಒಳಗಿನ ಕಟ್ಟಿ ಮ್ಯಾಲ. ಬ್ಯಾಸಿಗಿ, ನನ್ನ ಬೋರ್ಡ್ ಹಚ್ಚಿ ಒಂಬತ್ತ ದಿನ ಆಗಿತ್ತು. ಹಿಂದಿನ ದಿನ ಮೋಟರ್ ಗುಂಯ್ ಅಂದು ತಿರಗದ ನಿಂತಿತ್ತು. ಮರುದಿನ ಮುಂಜಾನಿಂದ ಕರೆಂಟ್ ಇಲ್ಲ, ಹೆಂಗೂ ಇಲ್ಲಲ್ಲ ಅಂತ ಕಾಕಾ ಕೆಳಗಿಳದ, ಮೋಟರ್ ಹಿಂದಿನ ಮುಚ್ಚಳ ತಗದ, ಫ್ಯಾನ್ ಕೈಲೆ ತಿರಗಿಸಿ ಜಾಮ್ ಬಿಡಸಾಕತ್ತಿದ್ದ. ನಾ ಮ್ಯಾಲ ಸ್ಟಾರ್ಟರ್ ಡಬ್ಬಿ ಬಾಜೂಕ ನಿಂತು ನನ್ನ ಸ್ವಂತ ತಮ್ಮಗ ಮೊಬೈಲ್ ತೋರಸಾಕತ್ತಿದ್ನಿ, "ನೋಡು, ಹೊಲದ ಹಸಿ 12 ಪರ್ಸೆಂಟ್ ಅಂತೈತಿ" ಅಂತ. ಅಷ್ಟ್ರಾಗ ತ್ರೀಫೇಸ್ ಬಂತು. ಡಬ್ಬಿ ಒಳಗ ಧಡ್ ಅಂತು. ಓಡಿ ಕೆಂಪು ಬಟನ್ ಒತ್ತಿದ್ನಿ, ನಿಂತ್ತು. ಬೆರಳು ಎತ್ತಿದ್ನಿ, ಮತ್ತ ಧಡ್! ಮತ್ತ ಒತ್ತು, ಮತ್ತ ಎತ್ತು, ಮತ್ತ ಧಡ್. ರಿಲೇ ಹಿಡಕೊಂಡ ಕುಂತಿರೂತನಕ ಕೆಂಪು ಬಟನ್ನಿಗೆ ಬೆಲೆನ ಇಲ್ಲ ಅನ್ನೂದು ಆವಾಗ ತಿಳೀತು. ಮೇನ್ ಜಗ್ಗಿ ಇಳಿಸಿದ ಮ್ಯಾಲ ಶಾಂತ ಆತು.

ಆ ಹೊತ್ತಿಗೆ ಸರಿಯಾಗಿ ಕಾಕಾ ಬೆವರು ಒರಸಾಕ ಕೈ ತಗದಿದ್ದ. ಹೆಗಲ ಮ್ಯಾಗಿನ ಟವಲ್ ತುದಿ ಫ್ಯಾನಿಗೆ ಸಿಕ್ಕು ಹೋಗಿತ್ತು. ಟವಲ್ ಹೋತು, ಕೈ ಉಳೀತು. ಮ್ಯಾಲ ಬಂದವ ಒಂದ್ ಮಾತ ಆಡ್ಲಿಲ್ಲ. ಕುಡಗೋಲಲೆ ನನ್ನ ಎರಡೂ ವೈರ್ ಕೊಯ್ದ, ಬೋರ್ಡ್ ಒಯ್ದು ಬದುವಿನ ಮ್ಯಾಲ ಇಟ್ಟ, "ಇದನ್ನ ನಿಮ್ಮ ಬೆಳಗಾಂವಿಗೆ ಒಯ್ದು ಅಲ್ಲೇ ಆಡು" ಅಂದ.

ಮೇನ್ ಇಳಿಸೇ ಕೈ ಹಚ್ಚಬೇಕಿತ್ತು ಅಂತೀರಿ. ಖರೆ. ಆದ್ರ 30 ವರ್ಷ ಆ ಸ್ಟಾರ್ಟರ್ ತಾನಾಗಿ ಎಂದೂ ಎದ್ದಿಲ್ಲ, ಆ ನಂಬಿಕಿ ಕೆಡಿಸಿದಾವ ನಾ.

ಈಗ ಮಾಡೂದು ಹಿಂಗ. ಎರಡು ರಿಲೇ ತಗೋ. ಒಂದರ ಎನ್‌ಓ (ಸುಮ್ನಿದ್ದಾಗ ಬಿಚ್ಚಿರೂ ಕಾಂಟ್ಯಾಕ್ಟ್) ಹಸಿರು ಬಟನ್ನಿಗೆ ಪ್ಯಾರಲಲ್, ಒಂದೂವರೆ ಸೆಕೆಂಡ್ ಒತ್ತಿ ಬಿಡಬೇಕು. ಇನ್ನೊಂದರ ಎನ್‌ಸಿ (ಸುಮ್ನಿದ್ದಾಗ ಕೂಡಿರೂದು) ಕೆಂಪು ಬಟನ್ ಲೈನಿಗೆ ಸೀರೀಸ್, ಬಂದ್ ಮಾಡೂದಿದ್ದಾಗ ಎರಡು ಸೆಕೆಂಡ್ ಬಿಚ್ಚಿ ಮತ್ತ ಹಚ್ಚಬೇಕು. ಹಿಡಕೊಳ್ಳೂ ಕೆಲಸ ಕಾಂಟ್ಯಾಕ್ಟರ್ (ಸ್ಟಾರ್ಟರ್ ಒಳಗ ಕಾಯಿಲ್ ಎಳಿಯೂ ದೊಡ್ಡ ಸ್ವಿಚ್) ತನ್ನ ಆಕ್ಸಿಲರಿಲೆ, ಅಂದ್ರ ಜೋಡಿಗಿರೂ ಸಣ್ಣ ಕಾಂಟ್ಯಾಕ್ಟಿಲೆ, ತಾನ ಮಾಡಕೋತೈತಿ. ನಿನ್ನ ಬೋರ್ಡ್ ಸುಟ್ಟ ಹೋದ್ರೂ ರೈತ ಕೈಲೆ ಚಾಲೂ ಮಾಡಬಹುದು, ಬಂದ್ ಮಾಡಬಹುದು. ಓವರ್‌ಲೋಡ್ ರಿಲೇದ (ಮೋಟರ್ ಹೆಚ್ಚು ಕರೆಂಟ್ ಎಳದ್ರ ಬಂದ್ ಮಾಡೂದು) ವೈರಿಗೆ ಮಾತ್ರ ಕೈ ಹಚ್ಚಬ್ಯಾಡ. ಅದನ್ನ ಬೈಪಾಸ್ ಮಾಡಿದ ಫೋಟೋನೂ ಈ ಗುಂಪಿನ್ಯಾಗ ನೋಡೇನಿ. ಮಾಡಿದಾವ ಯಾರಂತ ಅವಗ ಗೊತ್ತೈತಿ, ಸುಟ್ಟ ಮೋಟರಿನ ವೈಂಡಿಂಗ್ ರೊಕ್ಕಾನೂ ಅವನ ಕೊಟ್ಟಾನ.

"ಊರಾಗ ಎಲ್ಲಾರೂ ಆಟೋ ಸ್ವಿಚ್ ಹಾಕ್ಯಾರ, ಅದೂ ಕರೆಂಟ್ ಬಂದ ಕೂಡಲೆ ಎತ್ತೂದಿಲ್ಲೇನು" ಅಂತ ಯಾರರ ಕೇಳ್ತೀರಿ. ಎತ್ತತೈತಿ. ಆದ್ರ ಅದು ಇದ್ದದ್ದು ಮನಿ ಮಂದಿಗೆಲ್ಲಾ ಗೊತ್ತಿರತೈತಿ, ಬಂದ್ ಮಾಡೂ ಸ್ವಿಚ್ ಡಬ್ಬಿ ಮ್ಯಾಲ ಕಾಣತೈತಿ, ಕೆಳಗಿಳಿಯೂ ಮೊದಲ ಅದನ್ನ ಇಳಸ್ತಾರ. ನಿನ್ನ ಬೋರ್ಡಿಗೂ ಅಂಥಾದ ಒಂದು ಕಾಣೂ ಅಂಥ ಸ್ವಿಚ್ ಇರಲಿ: ಕೈಲೆ, ಆಟೋ. ಮತ್ತ ಎಲ್ಲಾ ಆಟೋ ಸ್ವಿಚ್ ಒಂದ ಗಳಿಗ್ಯಾಗ ಎತ್ತಿದ್ರ ಟಿಸಿ (ಟ್ರಾನ್ಸ್‌ಫಾರ್ಮರ್) ಮ್ಯಾಲ ಹೊರೆ ಒಮ್ಮಿಗೆ ಬಿದ್ದು ಫ್ಯೂಸ್ ಹಾರತೈತಿ. 15 ಮಂದಿಗೆ ಒಂದ ಕೋಡ್ ಕೊಡಾಕತ್ತಿ, ಕರೆಂಟ್ ಬಂದ ಮ್ಯಾಲ ಒಬ್ಬಂದು ಒಂದು ನಿಮಿಷಕ್ಕ, ಇನ್ನೊಬ್ಬಂದು ಐದಕ್ಕ ಎತ್ತೂ ಹಂಗ ರ‍್ಯಾಂಡಮ್ ತಡ ಹಾಕು. ಎರಡು ಲೈನಿನ ಕೆಲಸ.

ಇನ್ನೊಂದು, ಇದನ್ನ ಯಾರೂ ನೋಡಂಗಿಲ್ಲ. ಆ ನೀಲಿ ರಿಲೇ ಮ್ಯಾಲ 10ಎ 250 ವೋಲ್ಟ್ ಅಂತ ಬರದೈತಿ. ಹೊಲದಾಗಿನ ಭಾಳ ಸ್ಟಾರ್ಟರ್‌ದಾಗ ಕಾಯಿಲ್ 415 ವೋಲ್ಟಿಂದು, ಎರಡು ಫೇಸ್ ನಡುವ ಕುಂತಿರತೈತಿ. 250ರ ರಿಲೇ 415ಕ್ಕ ಹಚ್ಚಿದ್ರ ಇವತ್ತ ನಡೀತು, ನಾಳೆ ನಡೀತು, ಒಂದ್ ದಿನ ಒಳಗ ಬೆಸುಗಿ ಆಗಿ ಕುಂದ್ರತೈತಿ. ಆವಾಗ ಒಂದೂವರೆ ಸೆಕೆಂಡಿನ ಲೆಕ್ಕ ಹೋತು, ಮತ್ತ ಕಾಕಾನ ಕಥಿನ. ಕಾಯಿಲ್ ಮ್ಯಾಲ ವೋಲ್ಟ್ ಬರದಿರತೈತಿ, ಟಾರ್ಚ್ ಬಿಟ್ಟು ಓದು. 415 ಇದ್ರ ನಡುವ ಒಂದು ಸಣ್ಣ ಕಾಂಟ್ಯಾಕ್ಟರ್ ಹಾಕು, 240 ಕಾಯಿಲಿಂದು. ನೀಲಿ ರಿಲೇ ಅದನ್ನ ಎತ್ತಲಿ, ಅದು ದೊಡ್ಡದರ ಬಟನ್ ಒತ್ತಲಿ. ನ್ಯೂಟ್ರಲ್ ಇಲ್ಲದ ಕಡೆ ಸಣ್ಣ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಬೇಕು. ಅರ್ಥ್ ವೈರನ್ನ ನ್ಯೂಟ್ರಲ್ ಮಾಡೂ ಶಾಣ್ಯಾತನ ಬ್ಯಾಡ, ಕರೆಂಟ್ ನೆಲಕ್ಕ ಇಳದು ಎಮ್ಮಿ ಸಾಯತಾವ. ಈ ಕೆಲಸಕ್ಕ ಊರಾಗಿನ ಮೋಟರ್ ವೈಂಡಿಂಗ್ ಮೇಸ್ತ್ರಿನ್ನ ಬಾಜೂಕ ನಿಂದರಿಸಿಕೋ. ನಾ ಎಲ್ ಅಂಡ್ ಟಿ ಎಂಕೆ-1 ಸ್ಟಾರ್ಟರ್ ಡಬ್ಬಿ ನೆಚ್ಚಿದವ (ಈಗ ಲೌರಿಟ್ಜ್ ಕ್ನುಡ್ಸನ್ ಅಂತ ಹೆಸರು ಬದಲಾಗೇತಿ), ಒಳಗ ವೈರ್ ಹಾಕಾಕ ಜಾಗ ಐತಿ, ಬಿಡಿ ಸಾಮಾನು ಎಲ್ಲಾ ಕಡೆ ಸಿಗತಾವ. ಹೆಸರಿಲ್ಲದ ಡಬ್ಬಿ ತಗೊಂಡು ಆಮ್ಯಾಲ ಕಾಯಿಲ್ ಹುಡಕ್ಕೋತ ತಿರಗಬ್ಯಾಡ್ರಿ.

ಇಎಸ್‌ಪಿ32ದ ಪಿನ್ ಬಗ್ಗೆ. ಫೋಟೋದಾಗ ರಿಲೇ 14ನೇ ಪಿನ್ನಿಗೆ ಹಚ್ಚಿದಂಗ ಕಾಣತೈತಿ. ಬೂಟ್ ಆಗುವಾಗ ಆ ಪಿನ್ ತಾನ ಸಿಗ್ನಲ್ ಬಿಡತೈತಿ, ರಿಲೇ ಟಕ್ ಟಕ್ ಅಂತೈತಿ, ಅಂದ್ರ ಕರೆಂಟ್ ಬಂದಾಗೊಮ್ಮೆ ಹಸಿರು ಬಟನ್ ಒತ್ತಿದಂಗ. 25, 26, 27 ಹಿಡಿ. 12ರ ತಂಟೆಗೆ ಹೋಗಬ್ಯಾಡ, ಚಾಲೂ ಆಗುವಾಗ ಅದು ಹೈ ಇದ್ರ ಬೋರ್ಡ್ ಏಳೂದ ಇಲ್ಲ. ಮಣ್ಣಿನ ಹಸಿ ಅಳಿಯೂ ಸೆನ್ಸಾರ್ 32ರಿಂದ 39ರ ಒಳಗ ಹಚ್ಚು, ವೈಫೈ ಇದ್ದಾಗ ಎಡಿಸಿ2 (ವೋಲ್ಟ್ ಅಳಿಯೂ ಎರಡನೇ ಗುಂಪಿನ ಪಿನ್ನು) ಓದಂಗಿಲ್ಲ; ಒಂದ್ ವಾರ ನಾ ಇದಕ್ಕ ಹಾಳ್ ಮಾಡೇನಿ. ಕಾಂಟ್ಯಾಕ್ಟರ್ ಬಿಟ್ಟಾಗೊಮ್ಮೆ ಬೋರ್ಡ್ ರೀಸೆಟ್ ಆದ್ರ 240ರ ಕಾಯಿಲಿಗೆ ಅಡ್ಡ 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪ್ಯಾಸಿಟರ್ ಎರಡೂ ಒಂದರ ಹಿಂದ ಒಂದು ಸೀರೀಸ್ ಮಾಡಿ ಹಚ್ಚು. ಸಾದಾ ಕೆಪ್ಯಾಸಿಟರ್ ಅಲ್ಲ, ಎಕ್ಸ್2, ಮೇನ್ ಲೈನಿಗಂತನ ಮಾಡಿದ್ದು.

ಸೆನ್ಸಾರ್ ಅಂದ ಕೂಡಲೆ ಸಿಟ್ಟು ಬರತೈತಿ ನನಗ. ಆ ಎರಡು ಹಲ್ಲಿನ ಫೋರ್ಕ್ ಈಗಲೆ ಒಗದ ಬಿಡು. ಸದಾ ಡಿಸಿ ಕೊಟ್ಟು ನೆಲದಾಗ ಇಟ್ರ ಒಂದ್ ಹಲ್ಲು ಕರಗಿ ಹೋಗತೈತಿ. ಕೆಪ್ಯಾಸಿಟಿವ್ ತಗೋ, ತಗೊಳ್ಳೂ ಮುಂದ ಚಿಪ್ ಮ್ಯಾಲ ಓದು: ಟಿಎಲ್‌ಸಿ555 ಇರಬೇಕು. ಎನ್‌ಇ555 ಇದ್ರ ಕಡಿಮಿ ಅಂದ್ರ 4.5 ವೋಲ್ಟ್ ಬೇಡತೈತಿ, ಇಎಸ್‌ಪಿ32ದ 3.3 ವೋಲ್ಟಿಗೆ ಹುಚ್ಚುಚ್ಚಾರ ಓದತೈತಿ. ಅಂಚಿಗೆ ಉಗುರಿನ ಬಣ್ಣ ಎರಡು ಕೋಟ್, ಮ್ಯಾಲಿನ ಸರ್ಕೀಟಿಗೆ ಎಂ-ಸೀಲ್.

ಇಷ್ಟೆಲ್ಲಾ ಮಾಡಿದ್ರೂ ಎರಿ ಹೊಲದಾಗ ಅದು ಸುಳ್ಳು ಹೇಳತೈತಿ. ಎರಿ ಮಣ್ಣು ಒಣಗಿದ್ರ ಬಾಯಿ ಬಿಡತೈತಿ, ಬಿರುಕು ಸರಿಯಾಗಿ ಸೆನ್ಸಾರ್ ಗುಂಟ ಬೀಳತೈತಿ, ಯಾಕಂದ್ರ ನೀ ಅಲ್ಲೇ ಸೀಳಿ ತೂರಿಸಿರ್ತಿ. ಆಮ್ಯಾಲ ಅದು ಅಳಿಯೂದು ಮಣ್ಣಲ್ಲ, ಗಾಳಿ. ನೆಲ ಒಂದ್ ಗೇಣು ಕೆಳಗ ಹಸಿ ಇದ್ರೂ "ಒಣಗೇತಿ ಒಣಗೇತಿ" ಅಂತ ಒದರತೈತಿ. ಕಾಕಾನ ಹೊಲದಾಗ 12 ಪರ್ಸೆಂಟ್ ಬಂದದ್ದು ಹಿಂಗ. ಕಬ್ಬಿನ ಬುಡ ಕೆದರಿ ನೋಡಿದ್ರ ಮಣ್ಣು ಉಂಡಿ ಕಟ್ಟೂವಷ್ಟು ಹಸಿ ಇತ್ತು. ಮಸಾರಿ (ಕೆಂಪು ಮಣ್ಣಿನ) ನೆಲದಾವರಿಗೆ ಈ ತ್ರಾಸು ಕಡಿಮಿ. ಅದಕ್ಕ ಸೆನ್ಸಾರ್ ಮಾತು ಕೇಳಿ ಮೋಟರ್ ಎತ್ತಬ್ಯಾಡ, ಮೊಬೈಲಿಗೆ ಮೆಸೇಜ್ ಅಷ್ಟ ಬರಲಿ, ಒತ್ತೂದು ರೈತನ ಕೈಯಾಗಿರಲಿ. ಮೋಟರ್ ಓಡಾಕತ್ತೇತೋ ಇಲ್ಲೋ ಅನ್ನೂದಕ್ಕೂ ರಿಲೇ ನಂಬಬ್ಯಾಡ, ಒಂದು ಫೇಸಿಗೆ ಕ್ಲಾಂಪ್ ಸಿಟಿ (ವೈರ್ ಸುತ್ತ ಹಾಕಿ ಕರೆಂಟ್ ಅಳಿಯೂ ಬಳಿ) ಹಚ್ಚು. ನೀರು ಬಿಟ್ಟು ಒಣ ಓಡಿದ್ರ ಆಂಪಿಯರ್ ಇಳಿಯೂದೂ ಅದರಾಗ ಸಿಗತೈತಿ.

ಈಗ ಐತವಾರದ ಮಾತು. 15 ಮಂದಿ, ಎಲ್ಲಾರಿಗೂ ಬೋರ್ಡ್! ನನ್ನ ಮೊದಲನೇ ಕ್ಲಾಸಿನ್ಯಾಗ 12 ಮಂದಿ, ಸೋಲ್ಡರಿಂಗ್ ಐರನ್ ಎರಡ. ಎರಡು ತಾಸು ಪ್ರೊಜೆಕ್ಟರ್ ಹಚ್ಚಿ ನಾನ ಒದರಿದ್ನಿ, ಕೋಡ್ ನಾನ ತುಂಬಿ ಕೊಟ್ಟೆ, ಎಲ್ಲಾರೂ ಸೆಲ್ಫಿ ತಗೊಂಡ ಹೋದ್ರು. ತಿಂಗಳೊಳಗ ಫೋನ್ ಚಾಲೂ, "ಸರ, ವೈಫೈ ಪಾಸ್‌ವರ್ಡ್ ಬದಲಾಗೇತಿ, ಏನ್ ಮಾಡೂದು?" ಒಬ್ಬಗೂ ಅದನ್ನ ಬದಲಿ ಮಾಡಾಕ ಬರತಿರಲಿಲ್ಲ. ಜಂಪರ್ ವೈರ್ ಮ್ಯಾಲ ನಿಂತ ಬೋರ್ಡು ಇಲಿ, ಗೆದ್ದಲ, ಧೂಳು ತಡಿಯೂದೂ ಇಲ್ಲ, ಜೀರೋ ಪಿಸಿಬಿ (ತೂತು ಇರೂ ಖಾಲಿ ಬೋರ್ಡ್) ಮ್ಯಾಲ ಬೆಸುಗಿ ಹಾಕಿದ್ದ ಬೇಕು.

ಆಮ್ಯಾಲಿಂದ ನನ್ನ ಪದ್ಧತಿ ಬ್ಯಾರೆ. ಮೊದಲನೇ ಐತವಾರ ಕೆಟ್ಟ ಸಾಮಾನು ತರ್ರಿ ಅಂತೀನಿ. ಮಿಕ್ಸರ್, ಟಾರ್ಚ್, ಚಾರ್ಜರ್, ಏನರ ಆಗಲಿ. ಮಲ್ಟಿಮೀಟರ್ ಹಿಡಿಯೂದು ಅಲ್ಲೇ ಬರತೈತಿ. ಅಡಿಗಿ ಮನಿ ಮಿಕ್ಸರ್ ರಿಪೇರಿ ಮಾಡಿ ಒಯ್ದ ಹುಡುಗಗ ಮನ್ಯಾಗ ಸಿಗೂ ಮರ್ಯಾದಿ ಯಾವ ಸರ್ಟಿಫಿಕೇಟಿಗೂ ಇಲ್ಲ. ಎರಡನೇ ವಾರ ಜೀರೋ ಪಿಸಿಬಿ, ಬರೇ ಬೆಸುಗಿ. ಸೋಲ್ಡ್ರಾನ್ 25 ವ್ಯಾಟ್ ಐರನ್ ಸಾಕು, 63/37 (ತವರ-ಸೀಸದ ಪಾಲು) ಸೋಲ್ಡರ್ ವೈರ್ ತಗೋ, 183 ಡಿಗ್ರಿಗೆ ಒಮ್ಮಿಗೆ ಕರಗಿ ಒಮ್ಮಿಗೆ ಹೆಪ್ಪಾಗತೈತಿ, ಹೊಸಬರ ಕೈ ನಡಗಿದ್ರೂ ಜಾಯಿಂಟ್ ಕೆಡೂದು ಕಡಿಮಿ. ಅದರಾಗ ಸೀಸ ಇರತೈತಿ, ಗಿರ್ಮಿಟ್ ತಿನ್ನೂ ಮೊದಲ ಕೈ ತೊಳಸ್ರಿ. ಹೋದ ಸಲ ಪ್ಲೇಟಿನ ಬಾಜೂಕ ಸೋಲ್ಡರ್ ಚೂರು ಬಿದ್ದಿದ್ವು. ಕೋಡ್ ಮೂರನೇ ವಾರ, ಅದೂ ಪಾಸ್‌ವರ್ಡ್ ಬದಲಿ ಮಾಡೂದ್ರಿಂದ ಚಾಲೂ.

ನಮ್ಮ ಬೆಳಗಾಂವಿ ಕಾರ್ಖಾನಿ ಏರಿಯಾ ಉದ್ಯಮಬಾಗದ ಲೇಥ್ ಮೇಸ್ತ್ರಿಗಳನ್ನೂ ಕರೀರಿ, ಕೇಳೂವರಾಗಿ ಅಲ್ಲ, ಹೇಳೂವರಾಗಿ. ನಮ್ಮ ಥ್ರೀಡಿ ಪ್ರಿಂಟರ್ ಒಂದ್ ಬ್ರಾಕೆಟ್ಟಿಗೆ ಮೂರ್ ತಾಸು ತಗೊಂಡಾಗ ಬಾಜೂ ಶೆಡ್ಡಿನಾವ ಪಟ್ಟಿ ಬಗ್ಗಿಸಿ, ತೂತು ಹೊಡದು, ಚಾ ಆರೂದ್ರಾಗ ಕೊಟ್ಟಿದ್ದ. ಪುಣೆ ಹತ್ರ ಪಾಬಳದಾಗ ವಿಜ್ಞಾನ ಆಶ್ರಮ ಐತಲ್ಲ, ಕಲಬಾಗ ಅವರು 1983ರಾಗ ಚಾಲೂ ಮಾಡಿದ್ದು, ಅಲ್ಲಿ ಹಿಂಗ ಊರಿಗೆ ಬೇಕಾದ ಕೆಲಸ ಮಾಡಿಸಿನ ಕಲಸ್ತಾರ. ಅಮೆರಿಕಾದ ಎಂಐಟಿಯವರ ಫ್ಯಾಬ್ ಲ್ಯಾಬ್ (ಯಾರರ ಬಂದು ಸಾಮಾನು ಮಾಡಿ ಕಲಿಯೂ ಕಾರ್ಯಾಗಾರ) 2002ರಾಗ ಅಲ್ಲಿಗೆ ಬಂದದ್ದೂ ಅದಕ್ಕ. ನಾವು ನೋಡಿದ್ರ ಕೂಡಿ ಸಾಮಾನು ಮಾಡಿ ಕಲಿಯೂ ಈ ಶೆಡ್ಡಿಗೆ ಹ್ಯಾಕರ್‌ಸ್ಪೇಸ್ ಅಂತ ಇಂಗ್ಲಿಷ್ ಬೋರ್ಡ್ ಹಚ್ಚೀವಿ, ಚಾದಂಗಡಿಯಾವ ಇನ್ನೂ "ಬ್ಯಾಂಕಿನ ರೊಕ್ಕ ಹೊಡಿಯೂದು ಕಲಸ್ತೀರೇನ್ರಿ" ಅಂತ ಕೇಳ್ತಾನ.

ಐತವಾರ ರದ್ದು ಮಾಡಬ್ಯಾಡ. ಬೋರ್ಡ್ ಹಂಚೂದು ಮಾತ್ರ ಬಿಡು. ನಾ ಒಂಬತ್ತಕ್ಕ ಬರ್ತೀನಿ, ಹಳೇ ಸ್ಟಾರ್ಟರ್ ಒಂದು ತರ್ತೀನಿ, 240 ಕಾಯಿಲಿಂದು. ಮೋಟರ್ ಬದಲಿ ಬಲ್ಬ್ ಹಚ್ಚಿ ಟೇಬಲ್ ಮ್ಯಾಲ ನಿನ್ನ ವೈರಿಂಗ್ ಮೊದಲ ಹಚ್ಚೂಣು, ಮೇನ್ ಇಳಿಸಿ ಏರಸೂಣು, ಕೆಂಪು ಬಟನ್ 15 ಮಂದೀನೂ ಒಬ್ಬೊಬ್ಬರಾಗಿ ಒತ್ತಿ ನೋಡಲಿ. ಆಮ್ಯಾಲ ಎರಡು ರಿಲೇದ್ದು. ಸೋಲ್ಡರ್ ವೈರ್ ನನ್ನ ಕಡೆ ಐತಿ, ಶೆಡ್ಡಿನ್ಯಾಗ ಫ್ಲಕ್ಸ್ ಮುಗದೈತಿ, ಬರೂ ಮುಂದ ಒಂದ್ ಡಬ್ಬಿ ತಗೊಂಡ ಬಾ.