ವಿರೋಧಾಭಾಸವನ್ನು ವಿವರಿಸಿ ಎಂದು ಕೇಳುವ ತಾರ್ಕಿಕ ಪ್ರಶ್ನೆಗಳನ್ನು ಬಿಡಿಸುವುದು ಹೇಗೆ?

ಒಂದಕ್ಕೊಂದು ವಿರುದ್ಧವೆನಿಸುವಂತೆ ಕೊಟ್ಟಿರುವ ಎರಡೂ ಸಂಗತಿಗಳನ್ನು ನಿಜವೆಂದೇ ಒಪ್ಪಿಕೊಂಡು, ಅವು ಒಟ್ಟಿಗೆ ಹೇಗೆ ನಿಜವಾಗಬಲ್ಲವು ಎಂದು ತೋರಿಸುವ ಆಯ್ಕೆಯನ್ನು ಹುಡುಕಬೇಕು. ಒಂದನ್ನು ಸುಳ್ಳಾಗಿಸುವುದು ಉತ್ತರವಲ್ಲ.

ಇಲ್ಲಿ ವಿರೋಧ ಕಾಣುವುದು ಸಾಮಾನ್ಯವಾಗಿ ನಾವೇ ಗೊತ್ತಿಲ್ಲದೆ ನಡುವೆ ಸೇರಿಸಿಕೊಂಡ ಊಹೆಯಿಂದ. ಉದಾಹರಣೆಗೆ, ಒಂದು ಕಚೇರಿ ಎಲ್ಲ ಬಲ್ಬುಗಳನ್ನೂ ತೆಗೆದು, ಅರ್ಧದಷ್ಟೇ ವಿದ್ಯುತ್ ಎಳೆಯುವ ಬಲ್ಬುಗಳನ್ನು ಹಾಕಿತು; ಆದರೂ ದೀಪಗಳಿಗೆ ಖರ್ಚಾಗುವ ವಿದ್ಯುತ್ ಇಳಿಯಲಿಲ್ಲ. 'ದೀಪ ಉರಿಯುವ ಹೊತ್ತು ಮೊದಲಿನಷ್ಟೇ' ಎಂಬುದು ನಮ್ಮ ಊಹೆ. 'ಈಗ ರಾತ್ರಿಯಿಡೀ ದೀಪ ಆರಿಸುವುದಿಲ್ಲ' ಎಂಬ ಆಯ್ಕೆ ಆ ಊಹೆಯನ್ನೇ ಮುರಿಯುತ್ತದೆ, ಅದೇ ಸರಿಯುತ್ತರ.

ಹಾಗಾಗಿ ಆಯ್ಕೆಗಳನ್ನು ನೋಡುವ ಮೊದಲೇ 'ಹೀಗಿದೆ, ಆದರೂ ಹಾಗಾಗಿದೆ' ಎಂದು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಬಹಳ ಮಂದಿ ಈ ಹೆಜ್ಜೆ ಬಿಟ್ಟೇ ಎಡವುತ್ತಾರೆ. ಆಮೇಲೆ ಪ್ರತಿ ಆಯ್ಕೆಯನ್ನೂ ನಿಜವೆಂದು ಇಟ್ಟುಕೊಂಡು, ಅಚ್ಚರಿ ಉಳಿಯಿತೇ ಎಂದು ಕೇಳಿ. ಆಯ್ಕೆ ನಂಬಲು ಕಷ್ಟವೆನಿಸಿದರೂ ಪರವಾಗಿಲ್ಲ.

'ಹೊಸ ಬಲ್ಬು ಹೆಚ್ಚು ಬಾಳಿಕೆ ಬರುತ್ತದೆ' ಎಂಬ ಆಯ್ಕೆ ವಿಷಯಕ್ಕೆ ಹತ್ತಿರವೆನಿಸಿದರೂ ಏನನ್ನೂ ವಿವರಿಸದು. 'ಬಲ್ಬುಗಳ ಸಂಖ್ಯೆ ಹೆಚ್ಚಾಗಿಲ್ಲ' ಎಂಬುದು ಇನ್ನೂ ಅಪಾಯಕಾರಿ. ಅದು ಒಂದು ಸಂಭವನೀಯ ಕಾರಣವನ್ನೇ ಅಳಿಸಿ ಒಗಟನ್ನು ಬಿಗಿಗೊಳಿಸುತ್ತದೆ.

'ಇವುಗಳಲ್ಲಿ ಯಾವುದು ವಿವರಿಸುವುದಿಲ್ಲ?' ಎಂದು ಕೇಳಿದ್ದರೆ ಕ್ರಮ ತಿರುಗುಮುರುಗಾಗುತ್ತದೆ: ವಿವರಿಸುವ ಆಯ್ಕೆಗಳನ್ನೆಲ್ಲ ಹೊಡೆದುಹಾಕಿ, ಉಳಿದದ್ದನ್ನು ಗುರುತಿಸಿ.