ಅಣ್ಣ ಎಂದು ಕರೆಯುವವರ ಬಳಿ ಸಂಬಳ ಕೇಳುವುದು ಹೇಗೆ?

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ಸಿಂಧನೂರು ತಾಲ್ಲೂಕಿನ ಹಳ್ಳಿಯವಳು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಎರಡು ವರ್ಷ ಇದ್ದೆ. 14 ತಿಂಗಳ ಹಿಂದೆ, ಕಾಲೇಜಿನಲ್ಲಿ ನನಗಿಂತ ಹಿರಿಯರಾಗಿದ್ದವರೊಬ್ಬರು ರಾಯಚೂರಿನಲ್ಲಿ ಆರಂಭಿಸಿದ ಸ್ಟಾರ್ಟಪ್‌ಗೆ ಸೇರಿದೆ. ಅವರನ್ನು ಅಣ್ಣ ಎಂದೇ ಕರೆಯುತ್ತೇನೆ. ಅಕ್ಕಿ ಗಿರಣಿಗಳ ಗೋದಾಮಿನಲ್ಲಿ ಭತ್ತದ ತೇವಾಂಶ ಅಳೆದು ಮೊಬೈಲಿಗೆ ತಿಳಿಸುವ ಉಪಕರಣ ನಮ್ಮದು. ಏಳು ಜನ ಇದ್ದೇವೆ. ಬೆಂಗಳೂರಿನಲ್ಲಿ 41 ಸಾವಿರ ಬರುತ್ತಿತ್ತು, ಇಲ್ಲಿ 22 ಸಾವಿರ. ಹೂಡಿಕೆ ಬಂದ ಕೂಡಲೇ ಶೇ 2ರಷ್ಟು ಷೇರು ಕೊಡುತ್ತೇನೆ ಎಂದು ಅಣ್ಣ ಹೇಳಿದ್ದಾರೆ. ಬರಹದಲ್ಲಿ ಏನೂ ಇಲ್ಲ. ಎರಡು ತಿಂಗಳಿಂದ ಸಂಬಳ ಬಂದಿಲ್ಲ. ಈಗ ಬೆಂಗಳೂರಿನಿಂದ 52 ಸಾವಿರದ ಕೆಲಸಕ್ಕೆ ಕರೆ ಬಂದಿದೆ, 15 ದಿನದಲ್ಲಿ ಉತ್ತರ ಕೊಡಬೇಕು. ನಾನು ಬಿಟ್ಟರೆ ಇಲ್ಲಿ ತಂತ್ರಾಂಶ ನೋಡಿಕೊಳ್ಳುವವರಿಲ್ಲ. ಅವ್ವ ಎರಡೂ ಬೇಡ, ಕಲ್ಯಾಣ ಕರ್ನಾಟಕದವರಿಗೆ 371ಜೆ ಮೀಸಲಾತಿ ಇದೆ, ಸರ್ಕಾರಿ ಪರೀಕ್ಷೆಗೆ ಓದು ಎನ್ನುತ್ತಾಳೆ. ಅಪ್ಪ ಸ್ವಂತದ ಮೂರು ಎಕರೆಯ ಜೊತೆ ಐದು ಎಕರೆ ಪಾಲಿಗೆ ಮಾಡುತ್ತಾರೆ, ಅವರ ಕೈಗೆ ನಾನು ಏನೂ ಕೊಡಲಾಗುತ್ತಿಲ್ಲ. ಬಿಟ್ಟುಹೋದರೆ ದ್ರೋಹವೇ? ಉಳಿದರೆ ಮೂರ್ಖತನವೇ?

ಉತ್ತರ: ತಂಗಿ, ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನೀನು ಎಂದೇ ಮಾತನಾಡಿಸುತ್ತೇನೆ. ಜಾಗವಿಲ್ಲದೆ ನಿನ್ನ ಪತ್ರವನ್ನು ಮೇಲೆ ಮೊಟಕುಗೊಳಿಸಿದ್ದೇನೆ. ಮೂಲ ಪತ್ರದಲ್ಲಿ ಸಂಬಳದ ಬಗ್ಗೆ ಇದ್ದದ್ದು ಮೂರೇ ಸಾಲು, ಕೆಲಸದ ಬಗ್ಗೆ ಎರಡು ಪುಟ. ಬೆಳಿಗ್ಗೆ ಪ್ರೋಗ್ರಾಂ ಬರೆಯುವುದು, ಮಧ್ಯಾಹ್ನ ಬಸ್ಸು ಹಿಡಿದು ಮಾನ್ವಿಯ ಗಿರಣಿಗೆ ಹೋಗಿ ಭತ್ತದ ರಾಶಿ ಹತ್ತಿ ಸೆನ್ಸರ್ ಹೂಳುವುದು, ಸಂಜೆ ಬಿಲ್ಲು ಹಿಡಿದು ಮಾಲೀಕರ ಎದುರು ಕೂರುವುದು, ‘ಸುಗ್ಗಿ ಮುಗಿಯಲಿ, ನೋಡೋಣ’ ಎಂದಾಗ ನಕ್ಕು ಎದ್ದು ಬರುವುದು. ಹೊಟ್ಟಿನ ಧೂಳು ಹೊಕ್ಕು ಪೆಟ್ಟಿಗೆಗಳು ಕೆಟ್ಟಾಗ ಅವ್ವನ ಹಳೆಯ ಸೀರೆ ಹರಿದು ಅವುಗಳಿಗೆ ಮುಸುಕು ಕಟ್ಟಿದ್ದು. ಒಂದು ರಾತ್ರಿ ಗುಮಾಸ್ತರು ಫೋನ್ ಮಾಡಿ, ‘ಮೊಬೈಲಿಗೆ ಬಂದ ಎಚ್ಚರಿಕೆ ನೋಡಿ ರಾಶಿ ಬಿಚ್ಚಿಸಿದೆವಮ್ಮ, ಒಳಗೆ ಬಿಸಿಯಾಗಿತ್ತು, ಇನ್ನೆರಡು ದಿನ ಬಿಟ್ಟಿದ್ದರೆ ಮುಗ್ಗಿ ಹೋಗುತ್ತಿತ್ತು’ ಎಂದದ್ದು. ತೇವ ಶೇ 14 ದಾಟಿದ ಭತ್ತ ಗೋದಾಮಿನಲ್ಲಿ ಬಹಳ ಕಾಲ ತಾಳುವುದಿಲ್ಲ ಎಂಬುದು ನಮ್ಮ ಜಿಲ್ಲೆಯ ಗಿರಣಿಯವರಿಗೆ ಹೊಸ ವಿಷಯವಲ್ಲ. ಆದರೆ ರಾಶಿಯ ಹೊಟ್ಟೆಯೊಳಗೆ ಎಷ್ಟಿದೆ ಎಂದು ಆ ರಾತ್ರಿ ಹೇಳಿದ್ದು ನೀನು ಮಾಡಿದ ಉಪಕರಣ. ಬೆಂಗಳೂರಿನಲ್ಲಿದ್ದಾಗ ನಾನು ಬರೆದದ್ದನ್ನು ಯಾರು ಬಳಸುತ್ತಾರೆಂದೇ ತಿಳಿಯುತ್ತಿರಲಿಲ್ಲ ಎಂದು ನೀನೇ ಬರೆದಿದ್ದೀಯ.

ಅದಕ್ಕೇ ನಿನಗೆ ಬಿಡಲು ಆಗುತ್ತಿಲ್ಲ. ಅದು ಮೂರ್ಖತನವಲ್ಲ. ಹೊಸದಾಗಿ ಹುಟ್ಟಿದ ಕಂಪನಿಯಲ್ಲಿ ದುಡಿದವರಿಗೆ ಮಾತ್ರ ಗೊತ್ತಿರುವ ಸಂತೋಷ ಅದು. ಬೆಳಿಗ್ಗೆ ಹೊಳೆದದ್ದು ಸಂಜೆಗೆ ಗಿರಣಿಯಲ್ಲಿರುತ್ತದೆ, ತಪ್ಪಾದರೆ ಮರುದಿನವೇ ಮುಖಕ್ಕೆ ಹೇಳುತ್ತಾರೆ. ಎರಡು ವರ್ಷದಲ್ಲಿ ಕಲಿಯದ್ದನ್ನು ಈ 14 ತಿಂಗಳಲ್ಲಿ ನೀನು ಕಲಿತಿದ್ದೀಯ. ಅದು ನಿನ್ನದು, ಎಲ್ಲಿಗೆ ಹೋದರೂ ನಿನ್ನ ಜೊತೆಗೇ ಬರುತ್ತದೆ.

ನನಗೂ ಆ ಸಂತೋಷ ಗೊತ್ತು. 24ನೇ ವಯಸ್ಸಿನಲ್ಲಿ ನಾನು ಬಳ್ಳಾರಿಯಲ್ಲಿ ಆಗಷ್ಟೇ ಬಾಗಿಲು ತೆರೆದಿದ್ದ ಕಂಪ್ಯೂಟರ್ ತರಬೇತಿ ಸಂಸ್ಥೆಯೊಂದಕ್ಕೆ ಸೇರಿದ್ದೆ. ನಾಲ್ಕೇ ಜನ. ಪಾಠ ಮಾಡಿದೆ, ಶುಲ್ಕ ವಸೂಲು ಮಾಡಿದೆ, ಗೋಡೆಗೆ ಕರಪತ್ರ ಅಂಟಿಸಿದೆ. ‘ಇದು ನಿನ್ನದೇ ಸಂಸ್ಥೆ’ ಎನ್ನುತ್ತಿದ್ದರು ಮಾಲೀಕರು. ಮೂರನೇ ವರ್ಷ ಬೀಗ ಬಿದ್ದಾಗ ಐದು ತಿಂಗಳ ಸಂಬಳ ಬಾಕಿ ಇತ್ತು, ನನ್ನ ಬಳಿ ನೇಮಕಾತಿ ಪತ್ರ ಕೂಡ ಇರಲಿಲ್ಲ. ಹಣ ಹೋದ ನೋವು ಒಂದೆರಡು ವರ್ಷದಲ್ಲಿ ಮಾಸಿತು. ಬಾಯಿ ಬಿಟ್ಟು ಒಮ್ಮೆಯೂ ಕೇಳಲಿಲ್ಲವಲ್ಲ ಎಂಬುದು ಇಂದಿಗೂ ಮಾಸಿಲ್ಲ. ನಿನಗೆ ಹಾಗಾಗಬಾರದು ಎಂದೇ ಪತ್ರ ಕೈಗೆ ಬಂದ ದಿನವೇ ಉತ್ತರ ಬರೆಯಲು ಕುಳಿತಿದ್ದೇನೆ.

ನಿನ್ನ ಅಪ್ಪನ ಹೊಲದ ಲೆಕ್ಕದಲ್ಲಿಯೇ ನೋಡು. ಕೂಲಿಗೆ ಬಂದವರಿಗೆ ಬೆಳೆ ಬರಲಿ ಬಿಡಲಿ, ಸಂಜೆ ಕೂಲಿ ಸಿಗಲೇಬೇಕು. ಪಾಲಿಗೆ ಮಾಡುವವರದು ಬೇರೆ. ಬೆಳೆ ಹೋದರೆ ಅವರ ದುಡಿಮೆಯೂ ಹೋಯಿತು, ಬೆಳೆ ಬಂದರೆ ಅವರ ಪಾಲಿನ ಚೀಲಗಳು ಅವರ ಮನೆಗೆ. ಪಾಲು ಎಷ್ಟು, ಗೊಬ್ಬರ ಯಾರದು, ಟ್ರ್ಯಾಕ್ಟರ್ ಬಾಡಿಗೆ ಯಾರದು ಎಂಬುದೆಲ್ಲ ನಾಟಿಗೆ ಮೊದಲೇ ಮಾತಾಗಿರುತ್ತದೆ. ನೀನು ಇವೆರಡರಲ್ಲಿ ಯಾರು? ನಷ್ಟ ಹೊರುವಾಗ ನಿನ್ನನ್ನು ಪಾಲಿನವಳಾಗಿ ನೋಡುತ್ತಿದ್ದಾರೆ, ಲಾಭದ ಮಾತಿಗೆ ಬಂದಾಗ ಕೂಲಿಯವಳಾಗಿ. ಈಗ ಆ ಕೂಲಿಯೂ ನಿಂತಿದೆ.

ನಾನು ಕೂತು ಲೆಕ್ಕ ಹಾಕಿದೆ. ಬೆಂಗಳೂರಿನಲ್ಲಿಯೇ ಇದ್ದಿದ್ದರೆ ಈ 14 ತಿಂಗಳಿಗೆ 5 ಲಕ್ಷ 74 ಸಾವಿರ ಬರುತ್ತಿತ್ತು. ಇಲ್ಲಿ 12 ತಿಂಗಳ ಸಂಬಳ, 2 ಲಕ್ಷ 64 ಸಾವಿರ ಬಂದಿದೆ. ನಡುವಿನ 3 ಲಕ್ಷ 10 ಸಾವಿರ ರೂಪಾಯಿಯನ್ನು ಆ ಕಂಪನಿಗೆ ಹಾಕಿದವಳು ನೀನು. ಹೂಡಿಕೆದಾರರು ಬರಲಿ ಎಂದು ಎಲ್ಲರೂ ಕಾಯುತ್ತಿದ್ದೀರಿ. ಬಂದಿರುವ ಹೂಡಿಕೆದಾರಳು ನಿನ್ನ ಕುರ್ಚಿಯಲ್ಲಿಯೇ ಕುಳಿತಿದ್ದಾಳೆ. ಕೇಳುವಾಗ ಆ ಹಕ್ಕಿನಿಂದ ಕೇಳು. ಕೃಪೆ ಬೇಡುವವಳಂತೆ ತಲೆ ತಗ್ಗಿಸಬೇಡ.

ಏನನ್ನು ಕೇಳಬೇಕು? ಮೊದಲು, ಕಂಪನಿಯ ಖಾತೆಯಲ್ಲಿ ಇನ್ನು ಎಷ್ಟು ತಿಂಗಳಿಗೆ ಸಾಕಾಗುವಷ್ಟು ಹಣವಿದೆ ಎಂದು. ಎಡದಂಡೆ ಕಾಲುವೆಯ ರೈತರು ತುಂಗಭದ್ರಾ ಜಲಾಶಯದಲ್ಲಿ ಎಷ್ಟು ಟಿಎಂಸಿ ಉಳಿದಿದೆ, ನೀರಾವರಿ ಸಲಹಾ ಸಮಿತಿ ಯಾವ ತಾರೀಖಿನವರೆಗೆ ನೀರು ಬಿಡುತ್ತದೆ ಎಂದು ತಿಳಿಯದೆ ಎರಡನೇ ಬೆಳೆಗೆ ಸಸಿಮಡಿ ಹಾಕುತ್ತಾರೆಯೇ? 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ನಿಮ್ಮೂರಿನಲ್ಲಿ ನದಿಯ ಪಾಲಾದ ಒಂದೊಂದು ಟಿಎಂಸಿಯನ್ನೂ ಎಣಿಸಿ ಸಂಕಟಪಟ್ಟಿದ್ದನ್ನು ನೀನು ನೋಡಿರುತ್ತೀಯ. ಕಂಪನಿಯ ಖಾತೆಯನ್ನು ಹಾಗೆ ಎಣಿಸಲು ನಿನಗೇಕೆ ಸಂಕೋಚ? ಗಿರಣಿಗಳಿಂದ ಬರಬೇಕಾದ ಬಾಕಿ ಎಷ್ಟು, ತಿಂಗಳ ಖರ್ಚು ಎಷ್ಟು, ಇಷ್ಟು ತಿಳಿದರೆ ಸಾಕು. ಸರ್ಕಾರದ ಎಲಿವೇಟ್ ಅನುದಾನಕ್ಕೆ ಅರ್ಜಿ ಹಾಕಿದ್ದಾರೆಂದು ಬರೆದಿದ್ದೀಯ. ಸಿಗಲಿ ಎಂದು ನಾನೂ ಹಾರೈಸುತ್ತೇನೆ. ಆದರೆ ಅದು ಇನ್ನೂ ಮೋಡ, ಜಲಾಶಯದ ನೀರಲ್ಲ.

ಷೇರಿನ ಮಾತು ಇದಕ್ಕಿಂತ ಗಂಭೀರ. ನೌಕರರಿಗೆ ಷೇರಿನ ಹಕ್ಕು ಕೊಡುವುದಕ್ಕೆ ಕಂಪನಿ ಕಾನೂನಿನಲ್ಲಿ ನಿಯಮಗಳಿವೆ. ಹಕ್ಕು ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆದ ಮೇಲೆಯೇ ಅದು ನಿನ್ನದಾಗಲು ಆರಂಭಿಸುತ್ತದೆ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿ ಕೊಡುತ್ತಾರೆ. ಬಾಯಿಮಾತಿಗೆ ಆ ಲೆಕ್ಕವೇ ಇಲ್ಲ. ಅಂದರೆ ನೀನು ದುಡಿದ ಈ 14 ತಿಂಗಳಲ್ಲಿ ಒಂದು ದಿನವೂ ಇನ್ನೂ ಎಣಿಕೆಗೆ ಬಂದಿಲ್ಲ. ಈ ಮಾತು ಬರೆಯುವಾಗ ನನಗೇ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇನ್ನೂ ಒಂದು ಮಾತು: ಹೊಸ ಹೂಡಿಕೆದಾರರಿಗೆ ಹೊಸ ಷೇರು ಕೊಟ್ಟಂತೆಲ್ಲ ಹಳೆಯ ಶೇ 2 ಕರಗುತ್ತಾ ಹೋಗುತ್ತದೆ, ಹಾಗಾಗಿ ಹೂಡಿಕೆಗೆ ಮುಂಚಿನ ಶೇ 2 ಬೇರೆ, ಅನಂತರದ ಶೇ 2 ಬೇರೆ. ಯಾವುದು ಎಂದು ಬರಹದಲ್ಲಿರಬೇಕು. ಅದಕ್ಕೂ ಮೊದಲು, ನಿಮ್ಮದು ನಿಜಕ್ಕೂ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಗಿದೆಯೇ ನೋಡು. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ತಿಳಿಯುತ್ತದೆ. ಕಂಪನಿಯೇ ಅಲ್ಲದ ಕಡೆ ಷೇರು ಎಲ್ಲಿಂದ ಬರಬೇಕು?

ಸಂಬಳದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕೆಂಬುದು ಕಾನೂನು. ನೀವು ಏಳೇ ಜನ. ಭವಿಷ್ಯನಿಧಿ ಕಡ್ಡಾಯವಾಗುವುದು 20 ಜನರಿದ್ದರೆ, ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ 10 ಜನರಿದ್ದರೆ. ನಾಳೆ ಬಾಗಿಲು ಮುಚ್ಚಿದರೆ, ಅಪ್ಪನಿಗೆ ಆಸ್ಪತ್ರೆಯ ಖರ್ಚು ಬಂದರೆ, ನಿನ್ನ ಕೈಯಲ್ಲಿರುವ ಸಂಬಳವೊಂದೇ ಆಸರೆ.

ಆ ಅಣ್ಣ ಮೋಸಗಾರರೆಂದು ನನಗೆ ಅನ್ನಿಸುವುದಿಲ್ಲ. ಸ್ಟೇಷನ್ ರಸ್ತೆಯ ಮಹಡಿಯ ಬಾಡಿಗೆ ಕಟ್ಟಲು ಬೈಕು ಮಾರಿದರು, ತಾವೂ ಸಂಬಳ ತೆಗೆದುಕೊಂಡಿಲ್ಲ ಎಂದು ನೀನೇ ಬರೆದಿದ್ದೀಯ. ಹಣವಿಲ್ಲ ಎಂದು ತಂಗಿಯ ಮುಂದೆ ಹೇಳಲು ಅವರಿಗೂ ನಾಚಿಕೆ ಇರಬಹುದು, ನಿನ್ನ ಮೌನವನ್ನು ಒಪ್ಪಿಗೆ ಎಂದು ತಿಳಿದಿರಬಹುದು. ಅಣ್ಣ, ತಂಗಿ ಎಂದು ಕರೆದುಕೊಳ್ಳುವುದು ನಮ್ಮ ಕಡೆಯ ಸೊಗಸು. ಆದರೆ ಆ ಕರೆಯ ಕೆಳಗೆ ಎಷ್ಟೋ ಲೆಕ್ಕಗಳು ಸತ್ತುಹೋಗುತ್ತವೆ. ಸ್ವಂತ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗಲೂ ಅಳತೆ ಮಾಡಿ ಬದುವು ಹಾಕುತ್ತಾರೆ. ಅಷ್ಟರಿಂದ ಅವರ ಸಂಬಂಧವೇನೂ ಮುರಿಯುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಕೇಳಬೇಡ, ಉಳಿದ ಐವರ ಎದುರಿಗೂ ಬೇಡ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಎದುರಿಗೆ ಕುಳಿತು ಹೀಗೆ ಹೇಳು: ‘ಅಣ್ಣಾ, ನನಗೆ ಬೇರೆ ಕಡೆಯಿಂದ ಕರೆ ಬಂದಿದೆ. ನನಗೆ ಇಲ್ಲಿಯೇ ಇರುವ ಆಸೆ. ಇರಬೇಕಾದರೆ ನಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ತಿಳಿಯಬೇಕು, ಬಾಕಿ ಸಂಬಳ ಯಾವ ತಾರೀಖಿಗೆ ಎಂದು ತಿಳಿಯಬೇಕು, ಷೇರಿನ ಮಾತು ಕಾಗದದ ಮೇಲೆ ಬರಬೇಕು. ಒಂದು ವಾರದಲ್ಲಿ ಹೇಳಿ.’ ಇಷ್ಟು ಹೇಳಿ ಸುಮ್ಮನಾಗು. ನಡುವಿನ ಮೌನವನ್ನು ತುಂಬಲು ‘ಪರವಾಗಿಲ್ಲ ಬಿಡಿ’ ಎನ್ನಬೇಡ. ನಮ್ಮ ಹೆಣ್ಣುಮಕ್ಕಳು ಗೆದ್ದ ಮಾತನ್ನು ಸೋಲುವುದು ಅಲ್ಲಿಯೇ.

ಅವರು ಖಾತೆ ತೆರೆದು ತೋರಿಸಿ, ಕಾಗದ ಮಾಡಿಕೊಟ್ಟು, ಬಾಕಿಯಲ್ಲಿ ಒಂದು ತಿಂಗಳದ್ದನ್ನಾದರೂ ಕೊಟ್ಟರೆ ಮುಂದಿನ ಸುಗ್ಗಿಯವರೆಗೆ ಉಳಿ, ಬೆಂಗಳೂರಿಗೆ ಬೇಡ ಎಂದು ಬರೆ. ಹಣ ಕಡಿಮೆ ಇದ್ದರೂ ಚಿಂತೆಯಿಲ್ಲ. ಇದೆ ಎಂದು ಕಂಡದ್ದು, ಇಲ್ಲ ಎಂದು ತಿಳಿದದ್ದು, ಎರಡೂ ಮುಚ್ಚಿಟ್ಟದ್ದಕ್ಕಿಂತ ಮೇಲು. ವಾರ ಕಳೆದರೂ ‘ನನ್ನ ಮೇಲೆ ನಂಬಿಕೆ ಇಲ್ಲವೇ’ ಎಂಬುದೇ ಉತ್ತರವಾದರೆ ಹೊರಡು. ಒಂದು ತಿಂಗಳು ಸಮಯ ಕೊಟ್ಟು, ತಂತ್ರಾಂಶದ ವಿವರವನ್ನೆಲ್ಲ ಬರೆದಿಟ್ಟು, ಇನ್ನೊಬ್ಬರಿಗೆ ಕಲಿಸಿ, ಅನುಭವ ಪತ್ರ ಮತ್ತು ಬಾಕಿ ಸಂಬಳದ ಒಪ್ಪಿಗೆ ಪತ್ರ ತೆಗೆದುಕೊಂಡು ಹೊರಡು. ಇದು ದ್ರೋಹವಲ್ಲ. ಒಬ್ಬ ಹುಡುಗಿ ಹೋದರೆ ಮುಳುಗುವ ಕಂಪನಿ, ಆಕೆ ಸಂಬಳವಿಲ್ಲದೆ ದುಡಿದಾಗಲೇ ಮುಳುಗತೊಡಗಿತ್ತು.

ಅವ್ವನ ಮಾತನ್ನು ತಳ್ಳಿಹಾಕಬೇಡ. 371ಜೆ ನಮ್ಮ ಭಾಗಕ್ಕೆ ಹೋರಾಡಿ ಪಡೆದದ್ದು. 26ಕ್ಕೆ ಆ ಬಾಗಿಲು ಮುಚ್ಚುವುದಿಲ್ಲ. ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೋ. ಆದರೆ ಸಂಬಳ ಕೇಳಲು ಅಂಜಿ ಪರೀಕ್ಷೆಯ ಪುಸ್ತಕದ ಹಿಂದೆ ಅಡಗಬೇಡ.

ಪತ್ರದ ಮೇಲಿನ ತಾರೀಖು ನೋಡಿದರೆ ನಿನ್ನ 15 ದಿನದಲ್ಲಿ ನಾಲ್ಕು ಆಗಲೇ ಕಳೆದಿವೆ. ಈ ಸೋಮವಾರವೇ ಹೋಗು. ಅವರು ಏನು ಹೇಳಿದರು ಎಂದು ನನಗೆ ಬರೆ, ಕಾಯುತ್ತಿರುತ್ತೇನೆ.