ರೂಟ್ ಕೆನಾಲ್ ಮಾಡಿಸುವಾಗ ತುಂಬಾ ನೋಯುತ್ತದೆಯೇ? ಎಷ್ಟು ಸಲ ಹೋಗಬೇಕು?

ನೋವಿಗೆ ಹೆದರಿ ಮುಂದೂಡುತ್ತಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಹಲ್ಲಿನೊಳಗಿನ ಸೋಂಕು ತಗುಲಿದ ತಿರುಳು. ವೈದ್ಯರು ತೆಗೆಯುವುದು ಅದನ್ನೇ.

ಮೊದಲು ಎಕ್ಸ್-ರೇ, ಆಮೇಲೆ ಮರಗಟ್ಟಿಸುವ ಚುಚ್ಚುಮದ್ದು. ಅದು ಚುರುಕ್ ಎನ್ನುತ್ತದೆ, ಅಷ್ಟೇ. ನಂತರ ಹಲ್ಲನ್ನು ಕೊರೆದು, ಕೂದಲೆಳೆಯಂಥ ಬೇರಿನ ನಾಳಗಳನ್ನು ಫೈಲ್ ಎಂಬ ಸೂಜಿಯಂಥ ಸಣ್ಣ ಅರಗಳಿಂದ ಉಜ್ಜಿ ತೊಳೆದು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವನ್ನು ತುಂಬುತ್ತಾರೆ. ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ 3–4 ನಾಳಗಳಿರುವುದರಿಂದ ಹೊತ್ತು ಹಿಡಿಯುತ್ತದೆ. ಎರಡು ಮೂರು ಭೇಟಿಯೂ ಬೇಕಾಗಬಹುದು. ಜಡಿಮಳೆಯಲ್ಲಿ ಕೊಡಗಿನ ನಾಪೋಕ್ಲಿನಿಂದ ವಿರಾಜಪೇಟೆಯ ದಂತ ಕಾಲೇಜಿಗೆ ಹೋಗುವವರು ಎಷ್ಟು ಸಲ ಬರಬೇಕೆಂದು ಮೊದಲೇ ಕೇಳಿಕೊಳ್ಳಿ.

ತುಟಿಯ ಮರಗಟ್ಟುವಿಕೆ ಇಳಿಯುವವರೆಗೆ ಬಿಸಿ ಕಾಫಿ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಕೆಲವು ದಿನ ಅಗಿಯುವಾಗ ನೋಯುವುದು ಸಹಜ. ಊತ, ಜ್ವರ ಬಂದರೆ ಕೂಡಲೇ ಮರಳಿ ತೋರಿಸಿ. ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಲು ಹೇಳಿದರೆ ತಡಮಾಡಬೇಡಿ, ಬರಿಯ ಹಲ್ಲು ಸೀಳಬಹುದು.